ಹೆಲಿಕಾಪ್ಟರ್ ಮಾವನ ಕೈಮಾತು

ನಮ್ಮ ಸೋದರಮಾವನ ಜೊತೆ ಜಗಳ ಆಡಬೇಕೆಂದರೆ ನಿಮ್ಮ ಎರಡೂ ಕೈ ಖಾಲಿ ಇರಬೇಕು. ಒಂದರಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದರಲ್ಲಿ ಮೊಬೈಲು ಹಿಡಿದುಕೊಂಡು ಅವರೆದುರು ನಿಂತಿರೋ, ಸೋತಿರಿ ಎಂದೇ ತಿಳಿಯಿರಿ! ಹೊಡೆದಾಟವೇನೂ ಅಲ್ಲ, ಗಾಬರಿಯಾಗಬೇಡಿ. ನಮ್ಮ ಮಾವ ವ್ಯವಹಾರದ ಮಾತನ್ನೆಲ್ಲ ಕೈಯಿಂದಲೇ ಆಡುತ್ತಾರೆ. ಬಾಯಿ ಇರುವುದು ರೊಟ್ಟಿ ತಿನ್ನಲು, ಹಳೆಯ ಕಥೆ ಹೇಳಲು.

ಮಾವ ವಾಯುಪಡೆಯ ಹೆಲಿಕಾಪ್ಟರಿನಲ್ಲಿ ಫ್ಲೈಟ್ ಇಂಜಿನಿಯರ್ ಆಗಿದ್ದವರು. ಪೈಲಟ್ ಹಾರಿಸುವಾಗ ಹಿಂದೆ ಕೂತು ಇಂಜಿನ್ನಿನ ನಾಡಿ ನೋಡುವ ಕೆಲಸ. ಇಳಿಯುವ ಜಾಗ ಸರಿಯಿಲ್ಲದಿದ್ದರೆ ತಾವೇ ಮೊದಲು ಕೆಳಗೆ ಜಿಗಿದು, ಎದುರಿಗೆ ನಿಂತು, ಕೈಸನ್ನೆ ಮಾಡಿ ಹೆಲಿಕಾಪ್ಟರನ್ನು ನೆಲಕ್ಕೆ ಕರೆದುಕೊಳ್ಳಬೇಕು. ಆ ಸದ್ದಿನಲ್ಲಿ ಬಾಯಿ ಮಾತು ಯಾರಿಗೆ ಕೇಳೀತು? ವರ್ಷಾನುಗಟ್ಟಲೆ ಅದರ ಕೆಳಗೆ ನಿಂತು ನಿಂತು ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ತನಗೆ ಬೇಕಾದದ್ದನ್ನಷ್ಟೇ ಕೇಳುತ್ತದೆ.

ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ನಮ್ಮಜ್ಜಿ ಕೂಲಿಗೆ ಹೋಗುತ್ತಿದ್ದಳು. ನಮ್ಮ ಓಣಿಯಿಂದ ಆಕಾಶಕ್ಕೇರಿದ ಮೊದಲ ಮನುಷ್ಯ ಅವಳ ಮಗ. ತಲೆಯ ಮೇಲೆ ಏನೇ ಸದ್ದಾಗಲಿ, ಕಳೆ ಕೀಳುವುದನ್ನು ನಿಲ್ಲಿಸಿ, "ನಮ್ಮ ಹುಡ್ಗ ಹೊಂಟಾನ ನೋಡ್ರೆವ್ವಾ!" ಎನ್ನುತ್ತಿದ್ದಳಂತೆ. ಒಮ್ಮೆ ಹದ್ದು ಹಾರಿಹೋದಾಗಲೂ ಹಾಗೇ ಅಂದಳಂತೆ. ಪಕ್ಕದವರು ತಿದ್ದಲು ಹೋಗಿ ಬೈಸಿಕೊಂಡರಂತೆ.

ನಾನೋ ಬಾಯಿಂದ ಬದುಕಿದವನು. ದನದ ಸಂತೆಯಲ್ಲಿ ದಲ್ಲಾಳಿಗಳ ಬೆನ್ನು ಹತ್ತಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಲಿತು, ಈಗ ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಅಂಗಡಿ ಇಟ್ಟಿದ್ದೇನೆ. ಕೈಮಾತು ನನಗೂ ಬರುತ್ತದೆ ಅನ್ನಿ. ಆದರೆ ನನ್ನದು ಟವೆಲ್ಲಿನ ಕೆಳಗಿನ ಕೈಮಾತು, ಮಾವನದು ಆಕಾಶದ ಕೆಳಗಿನದು. ವ್ಯತ್ಯಾಸ ಇಷ್ಟೇ! ಈ ಸಲದ ಡಿಸೆಂಬರಿನಲ್ಲಿ ಆ ಕೈಗಳು ಇದ್ದಕ್ಕಿದ್ದಂತೆ ಸುಮ್ಮನಾಗಿಬಿಟ್ಟವು. ಅವರ ಹಳೆಯ ಕ್ಯಾಪ್ಟನ್ ರಾಯಚೂರಿಗೆ ಬರುವುದಿಲ್ಲ ಎಂದಿದ್ದೇ ಕಾರಣ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಸುಮ್ಮನಾಗುವ ಮೊದಲು ಆ ಕೈಗಳು ಮಾಡಿದ ಅನಾಹುತಗಳು ನಿಮಗೆ ಗೊತ್ತಾಗಬೇಡವೇ?

ಹಿರೇಕೊಟ್ನೆಕಲ್ಲಿನಲ್ಲಿ ಬೀಗರ ಮನೆಯ ಮದುವೆ. ಊಟದ ಪಂಕ್ತಿಯಲ್ಲಿ ಮಾವ. ಬಡಿಸುವವನು ಹುಗ್ಗಿಯ ಬಕೆಟ್ಟು ಹಿಡಿದು ಬಂದ. ಮಾವ ಎರಡೂ ತೋಳನ್ನು ಪಕ್ಕಕ್ಕೆ ಚಾಚಿದರು. ಹೆಲಿಕಾಪ್ಟರಿನ ಭಾಷೆಯಲ್ಲಿ ಹಾಗೆಂದರೆ 'ಅಲ್ಲೇ ನಿಲ್ಲು, ಇಳಿಯಬೇಡ, ಹೇಳುತ್ತೇನೆ'. ಹಿಂದೆ ಬಡಿಸಿದ್ದೇ ಎಲೆಯ ಮೇಲಿತ್ತು, ಅದನ್ನು ಮುಗಿಸುವವರೆಗೆ ತಡೆ ಎಂದು ಅವರ ಅರ್ಥ. ಬಡಿಸುವವನು ತಿಳಿದದ್ದು ಬೇರೆ. ಹಿರಿಯರು ಎಡಬಲದವರಿಗೆ ಹಾಕು ಅನ್ನುತ್ತಿದ್ದಾರೆ ಎಂದುಕೊಂಡು ಆ ಕಡೆ ಎರಡು ಸೌಟು, ಈ ಕಡೆ ಎರಡು ಸೌಟು ಸುರಿದ. ಮಾವ ಗಾಬರಿಯಾಗಿ ತೋಳನ್ನು ಇನ್ನೂ ಬಿಗಿಯಾಗಿ ಚಾಚಿದರು. ಮತ್ತೆರಡು ಸೌಟು! ಎಡಬಲದ ಬೀಗರು ಹೊಟ್ಟೆ ಹಿಡಿದುಕೊಂಡು ಎದ್ದರು. ಮಾವ ಇನ್ನೊಂದು ಸೌಟಿಗೆ ಕಾದು ಕಾದು ಕೈ ತೊಳೆದರು.

ಮನೆಗೆ ಬಂದ ಮೇಲೆ ನಮ್ಮತ್ತಿ ನನಗೆ ಹೇಳಿದರು: "ನಾ ಇವರನ್ನ ಮದಿವಿ ಆದಾಗ, ನಮ್ಮವ್ವ 'ಮಾತು ಕಮ್ಮಿ ಹುಡುಗ, ಚಲೋ ಬಾಳ್ವಿ ಮಾಡ್ತಿ' ಅಂದಿದ್ಳಪಾ. ಮಾತು ಕಮ್ಮಿನ. ಆದ್ರ ದಿನಾ ಮುಂಜಾನಿ ನನ್ನನ್ನ ಅಡಗಿ ಮನಿಯಾಗ ಇಳಸ್ತಾರ, ಹತ್ತಸ್ತಾರ!"

ಮದುವೆಗೆ ಹುಡುಗನನ್ನು ನೋಡುವವರಿಗೆ ನನ್ನದೊಂದು ಸಲಹೆ, ಬರೆದಿಟ್ಟುಕೊಳ್ಳಿ. ಮಾತು ಕಡಿಮೆ ಎಂದ ಕೂಡಲೇ ಒಪ್ಪಬೇಡಿ. ಕೈ ಎಷ್ಟು ಆಡುತ್ತದೆ ನೋಡಿ.

ಇನ್ನು ದೇವದುರ್ಗದ ಬಸ್ ನಿಲ್ದಾಣದ ಪ್ರಸಂಗ. ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಹಿಂದೆ ಸರಿಯುವ ಗಾಡಿ ಕಂಡರೆ ಮಾವನ ಕೈ ಸುಮ್ಮನಿರುತ್ತದೆಯೇ? ಕರೆಯದಿದ್ದರೂ ಹೋಗಿ ನಿಂತರು. ಬಾ, ಬಾ, ಎಡಕ್ಕೆ, ಸಾಕು. ಬಸ್ಸು ಗೆರೆ ಎಳೆದಂತೆ ಬಂದು ನಿಂತಿತು. ಡ್ರೈವರು ಮೆಚ್ಚಿ ತಲೆ ಹೊರಗೆ ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಶುರು ಮಾಡಿದ ಡ್ರಿಲ್ಲನ್ನು ಅರ್ಧಕ್ಕೆ ಬಿಡುವುದು ಮಾವನ ಜಾತಕದಲ್ಲೇ ಇಲ್ಲ. ಕೊನೆಯ ಸನ್ನೆ ಬಾಕಿ ಇತ್ತಲ್ಲ, ಇಂಜಿನ್ ಬಂದ್ ಮಾಡು ಅನ್ನುವುದು! ಅದನ್ನು ಮಾಡುವುದು ಹೇಗೆ ಗೊತ್ತೇ? ಅಂಗೈಯನ್ನು ಮಟ್ಟಸವಾಗಿ ಹಿಡಿದು ಗಂಟಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ಸರ್ರನೆ ಎಳೆಯಬೇಕು.

ಡ್ರೈವರು ಕೆಳಗಿಳಿದೇ ಬಿಟ್ಟ. "ಯಾಕೋ ಯಜಮಾನಾ? ನನ್ನ ಕುತಿಗಿ ಕೊಯ್ತಿಯೇನು? ನಾ ನಿನಗ ಏನ್ ಮಾಡೀನಿ?"

ಮಾವನಿಗೆ ಕೇಳಬೇಕಲ್ಲ! ಧನ್ಯವಾದ ಹೇಳುತ್ತಿದ್ದಾನೆ ಎಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿ ನಕ್ಕರು. ಕೊಯ್ಯುವುದು ಖಾಯಂ ಎಂದಂತಾಯಿತು! ನಾನು ಓಡಿ ನಡುವೆ ಬಿದ್ದೆ.

"ಸಾಹೇಬ್ರ, ಸಾಹೇಬ್ರ! ಇಂಜಿನ್ ಬಂದ್ ಮಾಡ್ರಿ ಅಂತ ಅದರ ಅರ್ಥರಿ. ಇವರು ಹೆಲಿಕಾಪ್ಟರ್ ಇಳಿಸಿದವ್ರು."

ಡ್ರೈವರು ಮಾವನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರ ಇದನ್ನೂ ಹಾರಿಸಾಕ ಹೇಳ್ರಿ. ಮುಂದಿನ ರಸ್ತಾ ನೋಡಿದ್ರ ಹಾರಿಕೋತ ಹೋಗೂದ ಚಲೋ ಅದ!"

ನನ್ನ ವ್ಯಾಪಾರಕ್ಕೂ ಮಾವ ಕೈ ಹಾಕಿದ್ದುಂಟು. ಗೂಗಲ್ ಎಂಬ ಹಳ್ಳಿಯಿಂದ ಬಂದ ಗಿರಾಕಿಗೆ ನಾನು ಒಂದು ಟ್ರ್ಯಾಕ್ಟರನ್ನು ಬಣ್ಣಿಸುತ್ತಿದ್ದೆ. "ಒಂದ ಕೈಯಾಗ ಓಡ್ಯಾದರಿ, ಮಗಳಂಗ ನೋಡಿಕೊಂಡಾರ." ನನ್ನ ಬೆನ್ನ ಹಿಂದೆ ಮಾವ ಅದರ ಸುತ್ತ ಪ್ರದಕ್ಷಿಣೆ ಹಾಕಿ, ಬಗ್ಗಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಮೂಸಿ, ತಲೆಯ ಮೇಲೆ ಎರಡೂ ತೋಳನ್ನು ಅಡ್ಡಡ್ಡ ಕಟ್ಟಿ ನಿಂತಿದ್ದರು. ನಿಲ್ಲು, ಮುಂದೆ ಬರಬೇಡ!

ಗಿರಾಕಿ ನನ್ನ ಭುಜದ ಮೇಲಿಂದ ನೋಡಿ ಹೇಳಿದ: "ನೀವು ಬಾಯಿಲೆ ಹೇಳೂದು ಸಾಕ್ರಿ ಸಾವ್ಕಾರ್ರ. ಅವರು ಕೈಲೆ ಹೇಳ್ಯಾರ."

ಕೊನೆಗೆ ಮಾವ ಹೆಬ್ಬೆರಳೆತ್ತಿದ ಇನ್ನೊಂದು ಟ್ರ್ಯಾಕ್ಟರನ್ನೇ ಒಯ್ದ. ನಾನು ಸಿಟ್ಟಾದೆನೇ? ಅಷ್ಟು ದಡ್ಡನಲ್ಲ. ಮರುದಿನವೇ ಅಂಗಡಿಯ ಮುಂದೆ ಮಾವನಿಗೊಂದು ಕುರ್ಚಿ ಹಾಕಿಸಿದೆ. ವ್ಯಾಪಾರದಲ್ಲಿ ಸುಳ್ಳು ಹೇಳಲು ಬಾರದವನೊಬ್ಬ ಜೊತೆಗಿದ್ದರೆ, ಉಳಿದವರು ಹೇಳಿದ್ದೂ ನಿಜವೆನಿಸುತ್ತದೆ. ಇದನ್ನೂ ಬರೆದಿಟ್ಟುಕೊಳ್ಳಿ.

ಹೀಗಿದ್ದ ಮಾವ ಬಾಯಿ ತುಂಬ ಮಾತನಾಡುತ್ತಿದ್ದದ್ದು ವರ್ಷದಲ್ಲಿ ಮೂರೇ ದಿನ. ಪ್ರತಿ ಡಿಸೆಂಬರಿನಲ್ಲಿ ಅವರ ಹಳೆಯ ಹೆಲಿಕಾಪ್ಟರಿನ ಜೊತೆಗಾರರಿಬ್ಬರು ಮನೆಗೆ ಬರುತ್ತಿದ್ದರು. ಒಬ್ಬರು ಸೊಲ್ಲಾಪುರದ ಪೈಲಟ್. ರ‍್ಯಾಂಕು ಏನೇ ಇರಲಿ, ಇವರಿಗೆಲ್ಲ ಅವರು 'ಕ್ಯಾಪ್ಟನ್'. ಇನ್ನೊಬ್ಬರು ಕರ್ನೂಲಿನವರು, ರಿಪೇರಿಯ ಮೆಕ್ಯಾನಿಕ್ಕು. ಮೂವರಿಗೂ ಕಿವಿ ಅಷ್ಟಕ್ಕಷ್ಟೇ! ಅವರು ಮಾಳಿಗೆಯ ಮೇಲೆ ಕೂತು ಮೆಲ್ಲಗೆ ಹಳೆಯದನ್ನು ನೆನೆಯತೊಡಗಿದರೆ ಇಡೀ ಓಣಿ ಟಿವಿಯ ಸದ್ದು ಕಡಿಮೆ ಮಾಡುತ್ತಿತ್ತು. ಹೇಗೂ ಟಿವಿ ಕೇಳಿಸುವುದಿಲ್ಲವಲ್ಲ.

ಹೆಲಿಕಾಪ್ಟರುಗಳನ್ನು ಅವರು ಎಮ್ಮೆಗಳಂತೆ ನೆನೆಯುತ್ತಿದ್ದರು. ನಾಲ್ಕನೇ ನಂಬರಿನದು ಬಲು ಸಾಧು, ಆದರೆ ಚಳಿಗೆ ಏಳುತ್ತಿರಲಿಲ್ಲ. ಏಳನೆಯದು ಹಿಂಡುವ ಮೊದಲು ಒದೆಯುವ ಜಾತಿ. "ಏಳಕ್ಕ ಕ್ಯಾಪ್ಟನ್ ಒಬ್ರ ಸರಿ," ಎನ್ನುತ್ತಿದ್ದರು ಮಾವ, "ಬ್ಯಾರೇದವ್ರು ಕುಂತ್ರ ಮೈ ಝಾಡಿಸ್ತಿತ್ತು." ಆ ನಂಬರುಗಳೆಲ್ಲ ಎಂದೋ ಗುಜರಿ ಸೇರಿವೆ. ಆದರೂ ಹೆಸರೆತ್ತುವಾಗ ಮೂವರೂ ಊರಲ್ಲಿ ಬಿಟ್ಟು ಬಂದ ದನದ ಸುದ್ದಿ ಕೇಳಿದಂತೆ ದನಿ ತಗ್ಗಿಸುತ್ತಿದ್ದರು. ತಗ್ಗಿಸಿದ ದನಿ ಮೂರು ಮನೆಯಾಚೆಗಷ್ಟೇ ಕೇಳುತ್ತಿತ್ತು.

ಕೊನೆಗೆ ಸೈಕಲ್ಲಿನ ಕಥೆ ಬರಲೇಬೇಕು. ತರಬೇತಿಯ ದಿನಗಳ ಮಾತಂತೆ. ಇದ್ದ ಹೆಲಿಕಾಪ್ಟರುಗಳೆಲ್ಲ ಹೊಟ್ಟೆ ಬಿಚ್ಚಿಕೊಂಡು ರಿಪೇರಿಗೆ ಬಿದ್ದಿದ್ದವಂತೆ. ಕೈಸನ್ನೆ ಕಲಿಸುವ ಉಸ್ತಾದ ಬಿಡುವವನೇ? ಒಂದು ಸೈಕಲ್ಲು ತರಿಸಿ, ಆಗಿನ್ನೂ ಹೊಸ ಪೈಲಟ್ ಆಗಿದ್ದ ಕ್ಯಾಪ್ಟನ್‌ರನ್ನು ಅದರ ಮೇಲೆ ಕೂರಿಸಿ, "ಇದೇ ಹೆಲಿಕಾಪ್ಟರ್, ಇಳಿಸು!" ಎಂದು ಮಾವನನ್ನು ಎದುರಿಗೆ ನಿಲ್ಲಿಸಿದನಂತೆ. ಮಾವ ಕೈ ಬೀಸಿದರು. ಬಾ, ಬಾ. ಕ್ಯಾಪ್ಟನ್ ತುಳಿದರು. ಅಷ್ಟರಲ್ಲಿ ಮಾವನಿಗೆ ಸೀನು ಬಂದು, 'ನಿಲ್ಲು' ಅನ್ನುವ ಸನ್ನೆ ಮರೆತೇಹೋಯಿತು! ಕ್ಯಾಪ್ಟನ್ ನಿಲ್ಲಲಿಲ್ಲ. ಮಾವನನ್ನು ದಾಟಿಕೊಂಡು ಹೋಗಿ, ಸೈಕಲ್ ಸಮೇತ ಬಿದ್ದರು.

ಎಲ್ಲಿಗೆ ಬಿದ್ದರು ಎಂಬಲ್ಲಿ ಪ್ರತಿ ವರ್ಷ ಜಗಳ.

"ಗಟಾರದಾಗ ಬಿದ್ದೆನೋ!" ಕ್ಯಾಪ್ಟನ್ ಕೂಗುತ್ತಿದ್ದರು.

"ಗಟಾರ ಎಲ್ಲಿತ್ತುರಿ? ಜಾಲಿ ಕಂಟಿ!" ಮಾವ.

"ಕಣ್ಣಿಲ್ಲೇನ್ರಿ? ಮುಂದ ಗಟಾರ ಕಂಡ್ರೂ ಯಾಕ ತುಳಿದ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ.

ಕ್ಯಾಪ್ಟನ್ ನನ್ನತ್ತ ತಿರುಗಿ, ಮೊದಲ ಸಲ ಮೆತ್ತಗಿನ ದನಿಯಲ್ಲಿ ಹೇಳಿದ್ದರು: "ಮ್ಯಾಲಿಂದ ನಮಗ ನೆಲ ಕಾಣಂಗಿಲ್ಲಪಾ. ಧೂಳ ಎದ್ದಿರತದ. ಇವನ ಕೈ ಅಷ್ಟ ಕಾಣತದ. ಈ ಕೈ ಬಾ ಅಂದ್ರ ಬರೂದ. ಗಟಾರಾದ್ರೂ ಸೈ."

"ಜಾಲಿ ಕಂಟಿ!" ಎಂದಿದ್ದರು ಮಾವ.

ಕಳೆದ ವರ್ಷ ಕ್ಯಾಪ್ಟನ್‌ರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆ ಡಿಸೆಂಬರಿನಲ್ಲಿ ಬರಲಿಲ್ಲ. ಆಸ್ಪತ್ರೆಯ ಓಡಾಟ ಇರುತ್ತದೆ ಎಂದು ನಾವೂ ಸುಮ್ಮನಿದ್ದೆವು. ಈ ವರ್ಷ ಅವರ ಮಗಳೇ ಫೋನ್ ಮಾಡಿ ಹೇಳಿದಳು: "ಅಪ್ಪ ಎಲ್ಲೂ ಬರಂಗಿಲ್ಲ ಅಂತಾರ್ರಿ. 'ದನಿ ಇಲ್ಲದವ ಹೋಗಿ ಏನ್ ಮಾಡ್ಲಿ' ಅಂತ ಬರದು ತೋರಿಸ್ಯಾರ."

ಬಲಗಿವಿಗೆ ಬೇಡವಾದದ್ದು ಕೇಳುವುದಿಲ್ಲ ಅಂದೆನಲ್ಲ? ಅದು ಮಾತ್ರ ಹೇಗೋ ಕೇಳಿತು. ಅಂದಿನಿಂದ ಮಾವನ ಎರಡೂ ಕೈ ತೊಡೆಯ ಮೇಲೆ. ಅಂಗಡಿಯ ಮುಂದೆ ಗಾಡಿ ಹಿಂದಕ್ಕೆ ಸರಿದರೂ ಏಳಲಿಲ್ಲ. ಒಂದು ಟ್ರಾಲಿ ಬಂದು ನಮ್ಮ ಬೋರ್ಡಿಗೆ ಗುದ್ದಿತು! ಅತ್ತಿ ಬಂದು, "ಏನರ ಮಾಡಪಾ. ಅಡಗಿ ಮನಿಯಾಗ ಇಳಸವ್ರು ಇಲ್ದ ನನಗ ದಿಕ್ಕ ತಿಳೀವಲ್ದು," ಎಂದರು.

ನಾನು ಚೌಕಾಶಿಗೆ ಇಳಿದೆ. ಆ ಮಗಳಿಗೆ ದಿನಕ್ಕೆರಡು ಸಲ ಫೋನು. ಮೂರು ದಿನ ಬೇಡವಾದರೆ ಒಂದು ದಿನ? ಒಂದು ದಿನ ಬೇಡವಾದರೆ ಒಂದೂಟ? ಎಂಥೆಂಥ ಗಿರಾಕಿಯನ್ನು ಬಗ್ಗಿಸಿದವನು ನಾನು! ಆದರೆ ಮಾತೇ ಕಳೆದುಕೊಂಡವರನ್ನು ಮಾತಿನಿಂದ ಬಗ್ಗಿಸುವುದು ಹೇಗೆ? ಸಿಕ್ಕಿದ್ದು ಒಂದೇ ಸುದ್ದಿ. ಗುಂತಕಲ್ಲಿನಲ್ಲಿ ನೆಂಟರ ಮದುವೆಯಿದೆ, ಅಪ್ಪನನ್ನು ಹೇಗೋ ಹೊರಡಿಸಿದ್ದೇನೆ, ರೈಲು ರಾಯಚೂರಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಆದರೆ ಅಪ್ಪ ಇಳಿಯುವುದಿಲ್ಲ.

ಮಾವನಿಗೆ ಅದನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ, ಎದ್ದು, ಟ್ರಂಕಿನಿಂದ ಹೆಲಿಕಾಪ್ಟರ್ ಇಳಿಸುವಾಗ ತೊಡುತ್ತಿದ್ದ ಮಾಸಿದ ಕಿತ್ತಳೆ ಬಣ್ಣದ ಜಾಕೆಟ್ಟು ತೆಗೆದರು. "ಅವ್ರು ಯಾಕ ಇಳಿಯಂಗಿಲ್ಲ?" ಎಂದರು. "ಇಳಸವ್ರು ಇದ್ದಿದ್ದಿಲ್ಲ, ಅಷ್ಟ."

ಬೆಳಿಗ್ಗೆ ಹತ್ತರ ಬಿಸಿಲು. ಪ್ಲಾಟ್‌ಫಾರಂ ಮೇಲೆ ಆ ಜಾಕೆಟ್ಟು ತೊಟ್ಟ ಮಾವ, ನಾನು, ಬಸ್ಸು ಹಿಡಿದು ಬಂದಿದ್ದ ಕರ್ನೂಲಿನವರು. ರೈಲು ಬಂದು ನಿಂತಿತು. ಬಾಗಿಲಲ್ಲಿ ಕ್ಯಾಪ್ಟನ್ ಕಂಡರು. ಬಡವಾಗಿದ್ದರು, ಕೊರಳಿಗೆ ಮಫ್ಲರು. ನಮ್ಮನ್ನು ಕಂಡವರೇ ತಲೆ ಅಡ್ಡಡ್ಡ ಆಡಿಸಿ, ಒಂದು ಹೆಜ್ಜೆ ಒಳಕ್ಕೆ ಸರಿದರು.

"ದಿಗಡಪ್ಪಾ, ಇಳಿಯಲ್ಲ," ಎಂದರು ಕರ್ನೂಲಿನವರು, ತೆಲುಗು ಬೆರೆಸಿ.

ನಾನು "ಸಾಹೇಬ್ರ, ಒಂದ ಮಾತು..." ಎಂದು ಮುಂದೆ ನುಗ್ಗಿದೆ. ಮಾವ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು. ತಾವು ಇಪ್ಪತ್ತು ಹೆಜ್ಜೆ ದೂರ ಹೋಗಿ, ಬಾಗಿಲಿಗೆ ಎದುರಾಗಿ ಕಾಲು ಅಗಲಿಸಿ ನಿಂತು, ಎರಡೂ ತೋಳನ್ನು ನೇರ ಮೇಲಕ್ಕೆತ್ತಿದರು. ನನ್ನ ಕಡೆ ನೋಡು. ಚಹಾ ಮಾರುವವನು ಕೆಟಲು ಎತ್ತಿಕೊಂಡು ಪಕ್ಕಕ್ಕೆ ಸರಿದ. ಬಾಗಿಲಲ್ಲಿ ಕ್ಯಾಪ್ಟನ್ ಮತ್ತೆ ಕಾಣಿಸಿಕೊಂಡರು.

ಮಾವನ ಕೈಗಳು ಮೆಲ್ಲಗೆ ಆಡತೊಡಗಿದವು. ಬಾ. ಬಾ.

ಕ್ಯಾಪ್ಟನ್ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದರು. ಆ ಮೇಲೆ ಇನ್ನೊಂದು. ಹಿಂದಿನಿಂದ ಮಗಳು ಚೀಲಗಳನ್ನು ಕೆಳಗಿಳಿಸಿ ತಾನೂ ಜಿಗಿದಳು. ಬಾ, ಬಾ. ಸ್ವಲ್ಪ ಎಡಕ್ಕೆ, ಅಲ್ಲಿ ಬಾಳೆಹಣ್ಣಿನ ಸಿಪ್ಪೆ ಇದೆ. ಬಾ. ಕ್ಯಾಪ್ಟನ್ ನೆಲ ನೋಡಲೇ ಇಲ್ಲ. ಆ ಎರಡು ಕೈಗಳನ್ನಷ್ಟೇ ನೋಡುತ್ತ ನಡೆದು ಬಂದರು. ಈ ಸಲ ಮಾವ ಮರೆಯಲಿಲ್ಲ. ಎರಡು ಮಾರು ದೂರವಿರುವಾಗ ತಲೆಯ ಮೇಲೆ ತೋಳು ಅಡ್ಡ ಕಟ್ಟಿದರು. ನಿಲ್ಲು. ಕ್ಯಾಪ್ಟನ್ ನಿಂತರು. ಮಾವನ ತೋಳುಗಳು ಅಡ್ಡಡ್ಡವಾಗಿಯೇ ಕೆಳಗಿಳಿದವು. ನೆಲ ಮುಟ್ಟಿದೆ.

ಇನ್ನು ಕೊನೆಯದು. ಮಾವನ ಬಲಗೈ ಅಭ್ಯಾಸಬಲದಿಂದ ಭುಜದ ಮಟ್ಟಕ್ಕೆ ಎದ್ದು, ಗಂಟಲಿನ ಹತ್ತಿರ ಬಂದು, ಅಲ್ಲೇ ನಿಂತುಬಿಟ್ಟಿತು. ಎದುರಿಗೆ ಆ ಮಫ್ಲರು. ಡ್ರಿಲ್ಲನ್ನು ಎಂದೂ ಅರ್ಧಕ್ಕೆ ಬಿಡದ ಮನುಷ್ಯ ಅರ್ಧಕ್ಕೇ ನಿಂತಿದ್ದರು.

ಕ್ಯಾಪ್ಟನ್ ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಮಫ್ಲರನ್ನು ತಾವೇ ಸರಿಸಿ, ಅಂಗೈ ಮಟ್ಟಸ ಮಾಡಿ, ತಮ್ಮ ಗಂಟಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ಸರ್ರನೆ ಎಳೆದುಕೊಂಡರು. ಎಳೆದು, ಹೆಬ್ಬೆರಳೆತ್ತಿ, ಭುಜ ಕುಣಿಸಿ ನಕ್ಕರು. ಒಬ್ಬರಿಗೆ ದನಿಯಿಲ್ಲ, ಇನ್ನೊಬ್ಬರಿಗೆ ಕಿವಿಯಿಲ್ಲ. ಅಷ್ಟು ಜೋರು ನಗು ಆ ಪ್ಲಾಟ್‌ಫಾರಂ ಕಂಡಿರಲಿಕ್ಕಿಲ್ಲ.

ರೈಲು ಹೊರಟಿತು. ಗುಂತಕಲ್ಲಿಗೆ ಮುಂದಿನ ಗಾಡಿ ಯಾವುದೆಂದು ಮಗಳಿಗೆ ಹೇಳಿದೆ. ಮಫ್ಲರು ಸರಿಪಡಿಸಿಕೊಂಡು ಕ್ಯಾಪ್ಟನ್ ತಮ್ಮ ಚೀಲಗಳನ್ನು ಎತ್ತಿಕೊಂಡರು, ಒಂದನ್ನು ಮಾವ ಕಸಿದುಕೊಂಡರು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಕ್ಯಾಪ್ಟನ್ ನಿಂತು, ಚೀಲ ಹಿಡಿದ ಕೈಯಲ್ಲೇ ತಡವರಿಸುತ್ತ ಗಾಳಿಯಲ್ಲಿ ಏನೋ ಬರೆಯಲು ನೋಡಿದರು. ಎರಡು ಚಕ್ರ, ಒಂದು ಹ್ಯಾಂಡಲ್ಲು. ಅದರ ಮುಂದೆ ಉದ್ದಕ್ಕೆ, ಆಳವಾಗಿ ಒಂದು ಗಟಾರ.

ಮಾವನ ಹುಬ್ಬು ಮೇಲೇರಿತು.

ನಾನು ಓಡಿಹೋಗಿ ಇಬ್ಬರ ಕೈಯಿಂದಲೂ ಚೀಲಗಳನ್ನೆಲ್ಲ ಇಸಿದುಕೊಂಡೆ.