ನಮ್ಮತ್ತೆಯ ಸೌರಮಂಡಲಕ್ಕೆ ಶನಿ ಬೇಕಾಗಿದ್ದಾನೆ

ನಮ್ಮ ಸೋದರತ್ತೆ ಹೊನ್ನಾಳಿಯಿಂದ ಆಚೆಗೆ ಹೋದದ್ದು ಕಡಿಮೆ. ಆದರೆ ಗುರುಗ್ರಹಕ್ಕೆ ದಾರಿ ಕೇಳಿ ನೋಡಬೇಕಿತ್ತು! ಸಂತೆಗೆ ದಾರಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಇವಳು ಅಲ್ಲಿಗೆ ಹೋಗಿಬಂದಿದ್ದಾಳೇನೋ ಎಂದು ನಮಗೆಲ್ಲ ಅನುಮಾನ. ಇಲ್ಲವೆಂದು ಅವಳೂ ಯಾವತ್ತೂ ಹೇಳಲಿಲ್ಲ ಬಿಡಿ.

ಎಂಬತ್ತರ ದಶಕದ ಶುರುವಿನ ಮಾತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಅತ್ತೆ ಅಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಬೇರೆ ಊರಿನ ಮಕ್ಕಳು ಅ ಅರಸ, ಆ ಆನೆ ಎಂದು ಕಲಿಯುವ ವಯಸ್ಸಿನಲ್ಲಿ ನಾವು ಮೂಗು ಸೋರಿಸಿಕೊಂಡು ಬುಧ, ಶುಕ್ರ, ಭೂಮಿ, ಮಂಗಳ ಎಂದು ಕಿರುಚುತ್ತಿದ್ದೆವು. "ಇಷ್ಟು ಸಣ್ಣ ಮಕ್ಕಳಿಗೆ ಆಕಾಶ ಯಾಕ್ರೀ ಟೀಚರ್?" ಎಂದು ಯಾರಾದರೂ ಕೇಳಿದರೆ, "ದೊಡ್ಡೋರಿಗೆ ತಲೆ ಎತ್ತಿ ನೋಡಾಕೆ ಪುರಸೊತ್ತು ಇಲ್ವಲ್ರೀ, ಅದಕ್ಕೆ" ಎನ್ನುವಳು.

ಒಮ್ಮೆ ಗುರುಗ್ರಹ ಎಷ್ಟು ದೂರ ಎಂದು ತೋರಿಸಲು ನಮ್ಮನ್ನೆಲ್ಲ ಸವಳಂಗದ ಬಸ್ಸು ಹತ್ತಿಸಿದಳು. ನ್ಯಾಮತಿ ಬಸ್ ನಿಲ್ದಾಣ ಸೂರ್ಯನಂತೆ, ಊರಾಚೆಯ ಹಳ್ಳದ ಸೇತುವೆ ಭೂಮಿಯಂತೆ, ಸವಳಂಗ ಗುರುವಂತೆ! ಮಂಗಳನ ಹತ್ತಿರ ಇಬ್ಬರು ಅತ್ತರು, ಒಬ್ಬ ಚಡ್ಡಿ ಒದ್ದೆ ಮಾಡಿಕೊಂಡ. ದಾರಿಯುದ್ದಕ್ಕೂ ಈ ಪಾಠ ಕೇಳಿಸಿಕೊಂಡು ಬಂದ ಕಂಡಕ್ಟರ್ ಸವಳಂಗದಲ್ಲಿ ಸೀಟಿ ಊದಿ, "ಗುರುಗ್ರಹ, ಗುರುಗ್ರಹ! ಯಾರ್ರೀ ಇಳಿಯೋರು?" ಎಂದು ಕೂಗಿದ. ಕುಂಬಳಕಾಯಿ ಹಿಡಿದು ಕೂತಿದ್ದ ಮುದುಕಿಯೊಬ್ಬಳು ಗಾಬರಿಯಾಗಿ, "ಅಯ್ಯೋ ತಮ್ಮಾ, ನಾನು ಸವಳಂಗಕ್ಕೆ ಟಿಕೀಟು ತಗಂಡಿದ್ನಲ್ಲೋ!" ಎಂದಳು.

ವರ್ಷದ ಕೊನೆಗೆ ಶಾಲೆಯ ಅಂಗಳದಲ್ಲಿ ಗ್ರಹಗಳ ಆಟ ಎಂದು ಅತ್ತೆ ಊರಿಗೆಲ್ಲ ಸಾರಿದಳು. ನಡುವೆ ಸೂರ್ಯ, ಸುತ್ತ ಸುಣ್ಣದಲ್ಲಿ ಎಳೆದ ಗೆರೆಗಳು, ಒಂದೊಂದು ಗೆರೆಯ ಮೇಲೆ ಒಂದೊಂದು ಮಗು ತಿರುಗಬೇಕು. ನಾನು ಭೂಮಿ. ಭೂಮಿಯ ಪಾಡು ನಿಮಗೆ ಗೊತ್ತಲ್ಲ, ಸೂರ್ಯನನ್ನೂ ಸುತ್ತಬೇಕು, ತನ್ನ ಸುತ್ತ ತಾನೂ ತಿರುಗಬೇಕು! ತಾಲೀಮಿಗೆ ಹೊಟ್ಟೆತುಂಬ ಮಂಡಕ್ಕಿ ತಿಂದು ಬಂದಿದ್ದ ನಾನು ಶ್ರದ್ಧೆಯಿಂದ ತಿರುಗಿದೆ, ಅಷ್ಟೇ ಶ್ರದ್ಧೆಯಿಂದ ಸೂರ್ಯನ ಮೈಮೇಲೆ ವಾಂತಿ ಮಾಡಿದೆ. ಭೂಮಿಯ ಕೆಲಸ ಅವತ್ತೇ ಹೋಯಿತು.

ನನಗೇನೂ ಬೇಸರವಾಗಲಿಲ್ಲ. ನನ್ನ ಕಣ್ಣಿದ್ದದ್ದು ಶನಿಯ ಮೇಲೆ. ಶನಿಗೆ ಬಳೆ ಇದೆಯಲ್ಲ! ಅದಕ್ಕಾಗಿ ಅತ್ತೆ ಹಳೇ ಸೈಕಲ್ ಟೈರಿಗೆ ಬಣ್ಣದ ಬೇಗಡೆ ಸುತ್ತಿ ಇಟ್ಟಿದ್ದಳು. ನಾ ಮುಂದು ತಾ ಮುಂದು ಎಂದು ಮಕ್ಕಳೆಲ್ಲ ಶನಿಯಾಗಲು ಕಿತ್ತಾಡಿದೆವು. ಸುದ್ದಿ ಮನೆ ಮುಟ್ಟಿದ್ದೇ ತಡ, ತಾಯಂದಿರ ದಂಡೇ ಬಂತು.

"ನಮ್ಮ ಮನೆಯೋರಿಗೆ ಈಗಿನ್ನೂ ಸಾಡೇಸಾತಿ ಬಿಟ್ಟೈತೆ ಟೀಚರ್. ಮತ್ತೆ ಮಗನ್ನ ಶನಿ ಮಾಡ್ತೀರಾ?" ಎಂದಳು ಒಬ್ಬಳು.

"ನಮ್ಮೋನ್ನ ನೆಪ್ಚೂನ್ ಮಾಡ್ರಿ. ಅದು ಪಂಚಾಂಗದಾಗೆ ಇಲ್ಲ, ಯಾರ ತಂಟೆಗೂ ಬರಲ್ಲ" ಎಂದಳು ಇನ್ನೊಬ್ಬಳು. ನೆಪ್ಚೂನಿಗೆ ಅಷ್ಟು ಗಿರಾಕಿ ಇಡೀ ಬ್ರಹ್ಮಾಂಡದಲ್ಲಿ ನ್ಯಾಮತಿ ಬಿಟ್ಟರೆ ಬೇರೆಲ್ಲೂ ಇದ್ದಿರಲಾರದು! ಪಂಚಾಂಗ ಹೇಳುವ ಅಯ್ಯನವರೂ ಬಂದು ಪಟ್ಟು ಹಿಡಿದು ಕೇಳಿದರು: "ರಾಹು ಕೇತು ಎಲ್ಲಮ್ಮಾ?"

"ಅವರಿನ್ನೂ ಅಡ್ಮಿಷನ್ ಮಾಡ್ಸಿಲ್ಲ ಅಯ್ನೋರೇ" ಎಂದಳು ಅತ್ತೆ.

ಹೀಗೆ ಊರಿನ ಬಾಯಿ ಮುಚ್ಚಿಸಿದವಳು ಸೋತದ್ದು ಮನೆಯಲ್ಲಿ, ನಮ್ಮಮ್ಮನ ಎದುರು. "ಅತ್ತಿಗೆ, ನಿಮ್ಮ ಮಗಳನ್ನಾದ್ರೂ ಶನಿ ಮಾಡ್ಲಾ?" ಎಂದು ಕೇಳಿದಳು. ನಾನು ಆಗಲೇ ಕುಣಿಯುತ್ತಿದ್ದೆ.

"ಬ್ಯಾಡ ಕಣೇ, ಹೆಣ್ಣುಕೂಸು. ನಾಳೆ ನೋಡಾಕೆ ಬಂದೋರು ಶನಿ ಅಂತ ಎದ್ದು ಹೋದ್ರೆ?" ಎಂದ ಅಮ್ಮ ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಜಾತಕದಲ್ಲಿ ಶನಿ ಕೂತಿದ್ದಾನೆಂದು ಗಂಡಿನ ಕಡೆಯವರು ಒಬ್ಬರಾದ ಮೇಲೊಬ್ಬರು ಹೀಗೇ ಎದ್ದು ಹೋಗಿದ್ದರು. ಆಮೇಲೆ ನೋಡಲು ಬರುವುದೇ ನಿಂತಿತ್ತು. "ಶನಿ ಇಲ್ದೆ ನಾನು ಆಟ ಆಡ್ಸಲ್ಲ ಅತ್ತಿಗೆ. ಈ ಮಕ್ಕಳೂ ಹೆದರ್ಕೊಂಡೇ ಬೆಳೀಬೇಕಾ?" ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋದಳು.

ಆಟದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸ ಕಳೆದುಕೊಂಡ ನಾನು ಅಮ್ಮನ ತೊಡೆಯ ಮೇಲೆ. ಬುಧ ಬಂದ, ಶುಕ್ರ ಬಂದಳು, ಹೊಸ ಭೂಮಿ ಚಂದ್ರನ ಕೈ ಹಿಡಿದು ಬಂದಿತು, ಮಂಗಳ ಬಂದ, ಗುರು ಬಂದ. ಮುಂದಿನ ಗೆರೆ ಖಾಲಿ. ಯಾರ ಮಗುವಪ್ಪಾ ಶನಿ ಎಂದು ಎಲ್ಲರೂ ಕತ್ತು ಉದ್ದ ಮಾಡಿದರು. ಆಗ ಶಾಲೆಯ ಬಾಗಿಲಿನಿಂದ ಅತ್ತೆ ಬಂದಳು. ಇಸ್ತ್ರಿ ಮಾಡಿದ ನೀಲಿ ಸೀರೆ, ಸೊಂಟದ ಸುತ್ತ ಮಿರಮಿರ ಮಿಂಚುವ ಟೈರು!

"ನಾನೇ ಶನಿ" ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ನೋಡ್ರಿ ಮಕ್ಕಳೇ, ನನ್ನ ಬಳೆ ಎಷ್ಟು ಚೆಂದ ಐತೆ! ನಾನು ಯಾರ ಹೆಗಲೂ ಏರಲ್ಲ, ಯಾರ ಮನೇನೂ ಮುರಿಯಲ್ಲ. ಎಲ್ಲರ ಹಂಗೆ ಸೂರ್ಯನ ಸುತ್ತ ತಿರುಗ್ತೀನಿ, ಅಷ್ಟೇ."

ಯಾರೂ ನಗಲಿಲ್ಲ. ಚಪ್ಪಾಳೆಯೂ ಇಲ್ಲ. ಅತ್ತೆ ಒಬ್ಬಳೇ ತನ್ನ ಗೆರೆಯ ಮೇಲೆ ನಡೆಯತೊಡಗಿದಳು. ಅದನ್ನು ನೋಡಿ ನನಗೆ ಅಳು ಬಂತು.

ಅಮ್ಮ ನನ್ನನ್ನು ಕೆಳಗಿಳಿಸಿ ಎದ್ದು ನಿಂತಳು. "ಏ ತಂಗೀ, ಭೂಮಿಗೆ ಚಂದ್ರ ಅದಾನೆ. ಶನಿಗೆ ಇಲ್ಲೇನೇ?"

ಅತ್ತೆ ನಿಂತಳು. "ಬಾಳ ಅದಾವೆ ಅತ್ತಿಗೆ" ಎಂದಳು.

ಅಮ್ಮ ನನ್ನ ಲಂಗ ಸರಿಮಾಡಿ, ಕೆನ್ನೆ ಒರೆಸಿ, ಮುಂದಕ್ಕೆ ಕಳಿಸಿದಳು. ನಾನು ಓಡಿಹೋಗಿ ಅತ್ತೆಯ ಟೈರು ಹಿಡಿದುಕೊಂಡೆ. ನಾವಿಬ್ಬರೂ ಹೆಜ್ಜೆ ಕಿತ್ತಾಗ ಹಿಂದಿನಿಂದ ಅಮ್ಮ ಕೂಗಿದಳು:

"ನಿಧಾನಕ್ಕೆ ತಿರುಗ್ರೇ, ಕಣ್ತುಂಬ ನೋಡ್ತೀನಿ!"