ಎಪ್ಪತ್ತೊಂಬತ್ತಕ್ಕೆ ಕೇಸರಿಬಾತ್

ಭದ್ರಾವತಿಯ ಕಾಗದನಗರದಲ್ಲಿರುವ ನನ್ನ ಸೋದರತ್ತೆಗೆ ಸ್ವೀಡನ್ನಿನಲ್ಲಿ ಒಬ್ಬಳು ಮಗಳಿದ್ದಾಳೆ. ಈ ವಿಷಯ ಆ ಮಗಳಿಗೆ ಮಾತ್ರ ಗೊತ್ತಿಲ್ಲ!

ಆಕೆ ವೃತ್ತಿಪರ ಗಾಲ್ಫ್ ಆಟಗಾರ್ತಿ. ಅತ್ತೆಯೋ, ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರಲ್ಲ. ಕಾಗದದ ಕಾರ್ಖಾನೆಯಲ್ಲಿ ಹಾಳೆ ಎಣಿಸುತ್ತಿದ್ದವರು. ಒಮ್ಮೆ ಕಪಾಟಿಗೆ ಹಾಸಲು ತೆಗೆದ ಹಳೆಯ ಪತ್ರಿಕೆಯಲ್ಲಿ ಆ ಹುಡುಗಿಯ ಚಿತ್ರವಿತ್ತು. ಮೊದಲ ಪಂದ್ಯದಲ್ಲೇ ಸೋತು, ಕೋಲನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದಳು. ಕಪಾಟಿಗೆ ಬೇರೆ ಪುಟ ಹೋಯಿತು, ಈ ಪುಟ ಗೋಡೆಗೇರಿತು. ಶಿವಮೊಗ್ಗದ ಪತ್ರಿಕೆಯೊಂದರಲ್ಲಿ ಕ್ರೀಡಾಪುಟ ನೋಡಿಕೊಳ್ಳುವ ನಾನು ಅಂದಿನಿಂದ ಅತ್ತೆಯ ಖಾಸಗಿ ವರದಿಗಾರ.

"ಏನೋ, ನಮ್ಮ ಹುಡುಗಿ ಎಷ್ಟು ಹೊಡೆದ್ಲು? ಪೇಪರಲ್ಲಿ ಯಾಕಿಲ್ಲ?"

"ಗೆದ್ದವರದ್ದು ಮಾತ್ರ ಹಾಕ್ತೀವಿ ಅತ್ತೆ. ಜಾಗ ಇರಲ್ಲ."

"ಸೋತೋರ ಹೆಸರು ಹಾಕಿದ್ರೆ ನಿಮ್ಮ ಪೇಪರ್ ಹರಿದುಹೋಗುತ್ತಾ?"

ಆಟ ಅರ್ಥವಾಗಬೇಕೆಂದು ಅತ್ತೆ ಮುರಿದ ಛತ್ರಿ ಹಿಡಿದು, ಕ್ವಾರ್ಟರ್ಸ್ ಮುಂದೆ ನಿಂಬೆಹಣ್ಣು ಹೊಡೆದು ನೋಡಿದ್ದೂ ಉಂಟು. ನಿಂಬೆಹಣ್ಣು ಪಕ್ಕದ ಮನೆಯ ಸೆಲ್ವಿಯ ಅಡುಗೆಮನೆ ಕಿಟಕಿಯಿಂದ ನೇರ ಸಾಂಬಾರಿನ ಪಾತ್ರೆಗೆ! "ಅಯ್ಯೋ ಅಮ್ಮಾ, ನಾನು ಹುಣಸೆಹುಳಿ ಹಾಕಿ ಆಯ್ತು!" ಎಂದು ಸೆಲ್ವಿ ಕೂಗಿದಳು. ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸುವುದು ಆ ಸ್ವೀಡನ್ ಹುಡುಗಿಗೂ ದಿನಾ ಸಾಧ್ಯವಾಗುವುದಲ್ಲ.

ಹುಡುಗಿ ಮೇಲೆ ಬಂದಳು, ಟ್ರೋಫಿ ಗೆದ್ದಳು, ಆಮೇಲೆ ಮಣಿಕಟ್ಟಿನ ನೋವಿಗೆ ಸಿಕ್ಕಿಬಿದ್ದಳು. ಅತ್ತೆ ದೇವಸ್ಥಾನದಲ್ಲಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೊರಟರು. ಅರ್ಚಕರು ಗೋತ್ರ ಕೇಳಿದರು.

"ಸ್ವೀಡನ್."

"ನಕ್ಷತ್ರ?"

"ಚಳಿಗಾಲ ಪೂರ್ತಿ ಅಲ್ಲಿ ಕತ್ತಲೆಯಂತೆ ಸ್ವಾಮಿ. ನಕ್ಷತ್ರಕ್ಕೇನು ಬರ? ಯಾವುದಾದ್ರೂ ಒಂದು ಹಾಕಿ!"

ಇದೆಲ್ಲ ಸರಿ. ನನ್ನನ್ನು ಕಾಡಿದ್ದು ಬೇರೆ. ಅರವತ್ತೆಂಟು ಹೊಡೆತಕ್ಕೆ ಮುಗಿಸಿ ಗೆದ್ದಳು ಎಂದರೆ ಅತ್ತೆ "ಹೂಂ" ಎಂದು ಫೋನ್ ಇಡುತ್ತಿದ್ದರು. ಎಪ್ಪತ್ತಾರು ಹೊಡೆದು ಹೊರಬಿದ್ದಳು ಎಂದರೆ ಸಾಲುಮನೆಗಳಿಗೆಲ್ಲ ಕೇಸರಿಬಾತ್! ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಕಾರ್ಖಾನೆಯ ಬೋರ್ಡಿನಲ್ಲಿ ದಿನದ ಹಾಳೆಗಳ ಎಣಿಕೆ ಏರಿದರೆ ಖುಷಿಪಟ್ಟು ಬದುಕಿದವರಿಗೆ ಇದು ಹೇಗೆ ಹೊಳೆಯಬೇಕು? ಪಾಪ, ಲೆಕ್ಕ ತಿರುವುಮುರುವಾಗಿದೆ ಎಂದುಕೊಂಡೆ. ಹೇಳಲು ಬಾಯಿ ಬರಲಿಲ್ಲ. ತಪ್ಪು ಕಂಡರೆ ತಿದ್ದುಪಡಿ ಹಾಕುವ ವೃತ್ತಿಯವನು ವರ್ಷಗಟ್ಟಲೆ ಕೇಸರಿಬಾತ್ ತಿಂದು ಸುಮ್ಮನಿದ್ದೆ.

ಕಳೆದ ತಿಂಗಳು ಆಕೆ ನಿವೃತ್ತಿ ಘೋಷಿಸಿದಳು. ಕೊನೆಯ ಸುತ್ತಿನಲ್ಲಿ ಎಪ್ಪತ್ತೊಂಬತ್ತು. ಫೋನಿನಲ್ಲಿ ಅಷ್ಟು ಹೇಳಿ, ಲೆಕ್ಕದ ವಿಷಯ ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಬಸ್ಸು ಹತ್ತಿ ಹೋದೆ. ಅತ್ತೆ ಆಗಲೇ ರವೆ ಹುರಿಯುತ್ತಿದ್ದರು.

"ಅತ್ತೆ, ಆ ಆಟದಲ್ಲಿ ಕಡಿಮೆ ಹೊಡೆದೋರು ಗೆಲ್ಲೋದು. ಎಪ್ಪತ್ತೊಂಬತ್ತು ಅಂದ್ರೆ…"

"ಸೋತ್ಲು ಅಂತ. ನಂಗೆ ಮೊದಲನೇ ವರ್ಷವೇ ಗೊತ್ತು ಕಣೋ ಮಾರಾಯ." ಸೌಟು ನಿಲ್ಲಲಿಲ್ಲ. "ಗೆದ್ದ ದಿನ ಅವಳಿಗೆ ಹಾರ ಹಾಕೋಕೆ ಊರೇ ಇರುತ್ತೆ. ಸೋತ ದಿನ? ನಮ್ಮ ಕಾರ್ಖಾನೆ ನಿಂತ ದಿನ ಕೊನೇ ಹಾಳೆ ಎಣಿಸಿ ಆಚೆ ಬಂದೆ. ಊಟ ಆಯ್ತಾ ಅಂತ ಕೇಳೋಕೂ ಗೇಟ್ ಹತ್ರ ಒಂದು ನರಪಿಳ್ಳೆ ಇರಲಿಲ್ಲ. ಸಕ್ಕರೆ ಡಬ್ಬಿ ಕೊಡು ಇತ್ಲಾಗೆ."

ಕೊಟ್ಟೆ. ಗೋಡೆಯ ಮೇಲೆ ಆ ಹುಡುಗಿ ಇನ್ನೂ ಕೋಲು ಒರಗಿಸಿಕೊಂಡು ನಿಂತಿದ್ದಳು.

ಮರುದಿನದ ಕ್ರೀಡಾಪುಟದ ಬುಡದಲ್ಲಿ, ಗೆದ್ದವರ ಸುದ್ದಿಯಿಂದ ಎರಡು ಸಾಲು ಕತ್ತರಿಸಿ, ಒಂದು ವಾಕ್ಯಕ್ಕೆ ಜಾಗ ಮಾಡಿದೆ: ಸ್ವೀಡನ್ನಿನ ಆಟಗಾರ್ತಿ ಎಪ್ಪತ್ತೊಂಬತ್ತು ಹೊಡೆತಗಳೊಂದಿಗೆ ಆಟ ಮುಗಿಸಿದರು.

ಬೆಳಿಗ್ಗೆ ಅತ್ತೆಯ ಫೋನು ಬರಲಿಲ್ಲ. ಕೇಳಲು ಇನ್ನೇನು ಉಳಿದಿತ್ತು? ಮಧ್ಯಾಹ್ನ ಭದ್ರಾವತಿ ಬಸ್ಸಿನ ಕಂಡಕ್ಟರ್ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟು ಹೋದ. ಇನ್ನೂ ಬೆಚ್ಚಗಿತ್ತು.