ದೇವರ ಲೈನು ಮತ್ತು ತೊಂಬತ್ತೇಳು ಪರ್ಸೆಂಟು

ಯಾರಾದರೂ ಅಂಕಿ ತೋರಿಸಿ ಮಾತಾಡಿದರೆ ನಾನು ಕೂಡಲೇ ನಂಬಿಬಿಡುತ್ತೇನೆ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಮೂವತ್ತು ವರ್ಷ ನಾನು ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಹೊನ್ನಾವರ ದಾಟಿದ ಮೇಲೆ ಒಮ್ಮೆ ತಲೆ ಎಣಿಸುವುದು, ಕೊಟ್ಟ ಟಿಕೆಟು ಎಣಿಸುವುದು, ಎರಡೂ ತಾಳೆಯಾದರೆ ಲೋಕ ಸರಿಯಾಗಿ ನಡೆಯುತ್ತಿದೆ ಎಂದುಕೊಂಡು ಸೀಟಿ ಊದುವುದು. ನಿವೃತ್ತನಾದ ಮೇಲೂ ಈ ಚಟ ಬಿಟ್ಟಿಲ್ಲ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದಿದೆ ಎಂದು ಎಣಿಸುತ್ತೇನೆ. ಹೆಂಡತಿ ಜ್ವರ ಬಂದ ಹಾಗಿದೆ ಅಂದರೆ ಹಣೆ ಮುಟ್ಟಿ ನೋಡುವ ಬದಲು ಥರ್ಮಾಮೀಟರು ಹುಡುಕಲು ಹೊರಡುತ್ತೇನೆ. ಅದು ಸಿಗುವಷ್ಟರಲ್ಲಿ ಅವಳ ಜ್ವರ ಇಳಿದು, ಸಿಟ್ಟು ಏರಿರುತ್ತದೆ. ಇಂಥ ನಾನು ಒಂದು ಅಂಗೈ ಅಗಲದ ಯಂತ್ರವನ್ನು ನಂಬಿ ಹೋದ ತಿಂಗಳು ಪಟ್ಟ ಪಾಡನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇರಲಾರೆ.

ಮೊದಲು ನಮ್ಮ ಮನೆಯ ಕರೆಂಟಿನ ಸಂಗತಿ ಹೇಳಬೇಕು. ಶರಾವತಿ ಕಡಲು ಸೇರುವ ಮೊದಲು ಹೊಳೆಯ ನಡುವೆ ಕೆಲವು ಕುರ್ವೆಗಳು, ಅಂದರೆ ನಡುಗಡ್ಡೆಗಳು ಇವೆ. ಅಂಥ ಒಂದು ಕುರ್ವೆಯ ಬಾಲದ ತುದಿಯಲ್ಲಿ ನಮ್ಮ ಮನೆ. ಕುರ್ವೆಯ ಉಳಿದೆಲ್ಲ ಮನೆಗಳಿಗೂ ಕರೆಂಟು ಬಂದಿದೆ. ನಮ್ಮಲ್ಲಿಗೆ ಬರಬೇಕಾದರೆ ದಾಯಾದಿಯ ತೆಂಗಿನ ಹಿತ್ತಲಲ್ಲಿ ಎರಡು ಕಂಬ ನಿಲ್ಲಬೇಕು. ನಮ್ಮ ಅಜ್ಜನೂ ಅವನ ಅಜ್ಜನೂ ಒಂದು ಹಲಸಿನ ಮರದ ವಿಷಯಕ್ಕೆ ಮಾತು ಬಿಟ್ಟವರು. ಮರ ಸತ್ತು ಎಷ್ಟೋ ವರ್ಷವಾಯಿತು, ಮಾತು ಮಾತ್ರ ಇನ್ನೂ ಶುರುವಾಗಿಲ್ಲ. ಹಾಗಾಗಿ ಕಂಬವೂ ಇಲ್ಲ, ತಂತಿಯೂ ಇಲ್ಲ. ಮಾಡಿನ ಮೇಲೆ ಸೋಲಾರ್ ಪ್ಲೇಟು, ದೇವರ ಕೋಣೆಯ ಪಕ್ಕದ ಉಗ್ರಾಣದಲ್ಲಿ ಎರಡು ದೊಡ್ಡ ಬ್ಯಾಟರಿ, ಒಂದು ಇನ್ವರ್ಟರು, ಇಷ್ಟರಲ್ಲೇ ನಮ್ಮ ಸಂಸಾರ.

ಈ ಸಂಸಾರದಲ್ಲಿ ಮುಖ್ಯವಾದದ್ದು ನಾನಲ್ಲ, ಹೆಂಡತಿ ಶಾರದೆಯ ಫ್ರೀಜರು. ಹೊಳೆ ಇಳಿತಕ್ಕೆ ಬಂದಾಗ ಅವಳು ಸೊಂಟದ ಮಟ್ಟ ನೀರಲ್ಲಿ ನಿಂತು ಕೆಸರಿನಿಂದ ಬೆಳಚು ಎಂಬ ಚಿಪ್ಪುಮೀನು ತೆಗೆಯುತ್ತಾಳೆ. ಆ ಚಿಪ್ಪುಗಳನ್ನು ಬೇಯಿಸಿ, ಮಾಂಸ ಬಿಡಿಸಿ, ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟು, ವಾರಕ್ಕೊಮ್ಮೆ ಕುಮಟಾದ ಒಂದು ಖಾನಾವಳಿಗೆ ಕೊಡುತ್ತಾಳೆ. ನನ್ನ ಪೆನ್ಶನ್ನು ಮನೆಯನ್ನು ನಡೆಸುತ್ತದೆ ಎಂದು ನಾನು ಹೊರಗೆ ಹೇಳಿಕೊಳ್ಳುತ್ತೇನೆ. ಮಗಳು ವಿದ್ಯಾಳ ಕಾಲೇಜನ್ನು ನಡೆಸುವುದು ಬೆಳಚು ಎಂಬುದು ಒಳಗಿನವರಿಗೆ ಗೊತ್ತು.

ಬ್ಯಾಟರಿಯ ಯೋಗಕ್ಷೇಮ ನೋಡಲು ಗೋಡೆಯ ಮೇಲೆ ಒಂದು ಹಳೆಯ ಮೀಟರು ಇತ್ತು. ಅದಕ್ಕೊಂದು ಮುಳ್ಳು, ಮೂರು ಬಣ್ಣ. ಅಂಕಿಗಳು ಯಾವತ್ತೋ ಮಾಸಿಹೋಗಿದ್ದವು. ಶಾರದೆಗೆ ಅಂಕಿ ಬೇಕಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಅದರ ಮುಖ ನೋಡಿ, "ಮುಳ್ಳು ಮಲಗ್ತಾ ಅದೆ, ಟೀವಿ ಬಂದ್ ಮಾಡಿ" ಅನ್ನುತ್ತಿದ್ದಳು. ಮೀಟರಿನ ಮಾತಿಗೆ ಅವಳೇ ದುಭಾಷಿ. ಇದು ನನಗೆ ಸರಿ ಕಾಣುತ್ತಿರಲಿಲ್ಲ. ಲೆಕ್ಕ ಇಲ್ಲದ ಮೀಟರು ಎಂಥ ಮೀಟರು? ಮೇಲಾಗಿ, ಬೆಳಕೆ ಊರಿನಲ್ಲಿರುವ ನನ್ನ ಷಡ್ಡಕ ಹೊಸ ನಮೂನೆಯದೊಂದನ್ನು ಹಾಕಿಸಿಕೊಂಡು, ಅವರ ಮನೆಗೆ ಹೋದಾಗಲೆಲ್ಲ ಮೊಬೈಲು ತೆಗೆದು, "ಈಗ ಎಂಬತ್ತೆರಡು ಪರ್ಸೆಂಟ್ ನೋಡು" ಎಂದು ಮಗನ ಅಂಕಪಟ್ಟಿ ತೋರಿಸುವವನ ಹಾಗೆ ತೋರಿಸುತ್ತಿದ್ದ. ನಾನು ಸುಮ್ಮನಿರುವುದಾದರೂ ಹೇಗೆ? ಭಟ್ಕಳಕ್ಕೆ ಹೋಗಿ ಅಂಥದ್ದೇ ತಂದೆ.

ಜೋಡಿಸಲು ಬಂದವನು ಹೊನ್ನಾವರದ ವಯರ್‌ಮನ್ ಮಂಜುನಾಥ. ಪೆಟ್ಟಿಗೆಯಿಂದ ಒಂದು ಗುಂಡಗಿನ ಪರದೆ ಬಂತು. ಜೊತೆಗೆ ಒಂದು ಭಾರದ ಹಿತ್ತಾಳೆ ತುಂಡು ಬಂತು. "ಇದು ಶಂಟ್ ಮಾರಾಯ್ರೆ. ಬ್ಯಾಟರಿಗೆ ಹೋಗೂದು, ಬ್ಯಾಟರಿಯಿಂದ ಬರೂದು, ಎಲ್ಲ ಇದ್ರ ಮೇಲೇ ದಾಟ್ಬೇಕು. ಇದು ಎಣಿಸ್ತದೆ" ಅಂದ. ಎಣಿಸುತ್ತದೆ ಎಂಬ ಮಾತು ಕೇಳಿದ್ದೇ ನನಗೆ ಆ ಹಿತ್ತಾಳೆಯ ಮೇಲೆ ಸ್ವಂತ ತಮ್ಮನ ಮೇಲೆ ಬರುವಂಥ ಪ್ರೀತಿ ಬಂತು. ಅವನು ಬ್ಯಾಟರಿಯ ಮೈನಸ್ಸಿನಿಂದ ಕಪ್ಪು ವಯರುಗಳನ್ನು ಒಂದೊಂದಾಗಿ ಬಿಚ್ಚಿ ಶಂಟಿಗೆ ಕಟ್ಟುತ್ತ ಬಂದ. ಕೊನೆಯ ಒಂದು ವಯರಿಗೆ ಕೈ ಹಾಕಿದಾಗ ನನ್ನ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅದು ದೇವ್ರದ್ದು. ಮುಟ್ಟೂದು ಬೇಡ."

ಅದು ದೇವರ ಲೈನು. ಸೋಲಾರು ಬಂದ ವರ್ಷ ಅಮ್ಮ ಹಾಕಿದ ಒಂದೇ ಷರತ್ತು, ದೇವರ ಮುಂದಿನ ಸಣ್ಣ ಬಲ್ಬು ಯಾವತ್ತೂ ಆರಬಾರದು, ಅದಕ್ಕೆ ಸ್ವಿಚ್ಚೂ ಇರಬಾರದು ಎಂದು. ಹಾಗಾಗಿ ಬ್ಯಾಟರಿಯಿಂದ ನೇರವಾಗಿ ಗೋಡೆ ತೂತು ಮಾಡಿ ಒಂದು ವಯರು ಎಳೆದಿದ್ದೆವು. ಆಯುಧ ಪೂಜೆಗೆ ಬ್ಯಾಟರಿಗಳಿಗೆ ಕುಂಕುಮ ಹಚ್ಚುವಾಗ ಆ ವಯರಿಗೂ ಒಂದು ಬೊಟ್ಟು. ಮಂಜುನಾಥ ನನ್ನ ಮುಖ ನೋಡಿದ. ನಾನು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡೋ, ಒಂದು ಬಲ್ಬ್ ಎಷ್ಟು ತಿಂತದೆ" ಅಂದೆ. "ಆತು" ಎಂದು ಅವನೂ ಬಿಟ್ಟ. ಅಮ್ಮ ಹೊಸ ಪರದೆಗೂ ಕುಂಕುಮ ಹಚ್ಚಿದಳು. ಅದು ಸರಿಯಾಗಿ ಅಂಕಿಯ ಮೇಲೇ ಬಿತ್ತು. ಒರೆಸಿದರೆ ತಪ್ಪಾಗುತ್ತದೆ ಎಂದು ಒಂದು ದಿನ ತಡೆದೆ.

ಮರುದಿನ ಒರೆಸಿ ನೋಡಿದರೆ ತೊಂಬತ್ತೇಳು ಪರ್ಸೆಂಟು. ಸಂಜೆ ನೋಡಿದೆ, ತೊಂಬತ್ತೇಳು. ನನ್ನ ಅಂಕಪಟ್ಟಿಯಲ್ಲಾಗಲಿ, ನನ್ನ ಮಗಳ ಅಂಕಪಟ್ಟಿಯಲ್ಲಾಗಲಿ ಕಂಡಿರದ ಅಂಕಿ. ಶಾರದೆ ಅಭ್ಯಾಸದಂತೆ ಟೀವಿ ಬಂದ್ ಮಾಡಲು ಹೊರಟಳು. "ಇನ್ನು ಆ ಕಾಲ ಹೋಯಿತು, ಇಲ್ಲಿ ನೋಡು" ಎಂದು ಪರದೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಖರೆಯಾ?" ಅಂದಳು. "ಯಂತ್ರ ಸುಳ್ಳು ಹೇಳ್ತದಾ?" ಅಂದೆ ನಾನು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ನನ್ನ ಮಾತನ್ನು ಎದುರು ಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು. ಅದೇ ಧೈರ್ಯದಲ್ಲಿ ಖಾನಾವಳಿಯವರು ಕೇಳುತ್ತಿದ್ದ ದೊಡ್ಡ ಆರ್ಡರನ್ನೂ ಒಪ್ಪಿಕೊಂಡಳು. ಮೊದಲಿನ ಎರಡರಷ್ಟು ಬೆಳಚು, ಪ್ರತಿ ವಾರ.

ಮೂರನೆಯ ದಿನ ಬೆಳಿಗ್ಗೆ ಇನ್ವರ್ಟರು ಕೀಂ ಎಂದು ಕೂಗಿ ನಿಂತುಬಿಟ್ಟಿತು. ಫ್ರೀಜರು ತೆಗೆದರೆ ಪೊಟ್ಟಣಗಳೆಲ್ಲ ಮೆತ್ತಗೆ. ಒಳಗಿನಿಂದ ಬಂದ ವಾಸನೆ ನಮಗೆ ಮಾತ್ರ ಸೀಮಿತವಾಗಿದ್ದರೆ ಚೆನ್ನಾಗಿತ್ತು. ಮಾತು ಬಿಟ್ಟ ದಾಯಾದಿ ಕೂಡ ಬೇಲಿಯ ಹತ್ತಿರ ಬಂದು ಮೂಗು ಮುಚ್ಚಿಕೊಂಡು ನಿಂತ. ಎರಡು ಮನೆಗಳ ನಡುವೆ ಇಷ್ಟು ಹತ್ತಿರದ ಸಂಬಂಧ ನಾನು ಕಂಡದ್ದು ಆವತ್ತೇ. ನಾನು ಓಡಿ ಹೋಗಿ ಪರದೆ ನೋಡಿದೆ. ತೊಂಬತ್ತಾರು. ಇನ್ನೊಂದು ಗುಂಡಿ ಒತ್ತಿದರೆ, ಬ್ಯಾಟರಿ ಇನ್ನೂ ಎಂಟು ದಿನ ಬರುತ್ತದೆ ಎಂದಿತು. ಮತ್ತೊಂದು ಗುಂಡಿ ಒತ್ತಿದರೆ ವೋಲ್ಟು ಮಾತ್ರ ಪಾತಾಳದಲ್ಲಿ. ಒಂದೇ ಪರದೆ, ಒಂದು ಕಡೆ ಹೊಟ್ಟೆ ತುಂಬಿದೆ ಅನ್ನುತ್ತದೆ, ಇನ್ನೊಂದು ಕಡೆ ಹಸಿವಿನಿಂದ ಸಾಯುತ್ತಿದ್ದೇನೆ ಅನ್ನುತ್ತದೆ. ಯಾವುದನ್ನು ನಂಬುವುದು? ನಾನು ದೊಡ್ಡ ಅಂಕಿಯನ್ನು ನಂಬಿದೆ. ಫ್ರೀಜರು ಕೆಟ್ಟಿರಬೇಕು ಎಂದು ತೀರ್ಪು ಕೊಟ್ಟೆ.

ಫ್ರೀಜರಿನವನು ಬಂದು ನೋಡಿ, ಫ್ರೀಜರಿಗೆ ಏನೂ ಆಗಿಲ್ಲ ಅಂದ. ಇನ್ವರ್ಟರು ಬಿಚ್ಚಿಸಿದೆವು, ಅದರೊಳಗೆ ಒಂದು ಹಲ್ಲಿ ಇತ್ತು, ಆದರೆ ಆರೋಗ್ಯವಾಗಿತ್ತು. ಮಗಳು ಪುಸ್ತಕ ಓದಿ ಮೀಟರಿನಲ್ಲಿ ಏನೇನೋ ಬದಲಾಯಿಸಿದಳು. ತೊಂಬತ್ತೇಳು ಹೋಗಿ ತೊಂಬತ್ತೆಂಟಾಯಿತು. ಮಂಜುನಾಥ ಫೋನಿನಲ್ಲಿ, "ಬೇರೆ ಎಂತದಾದ್ರೂ ಲೋಡ್ ಅದ್ಯಾ?" ಎಂದು ಕೇಳಿದ. "ಎಂತದೂ ಇಲ್ಲ" ಅಂದೆ. ಆ ಮಾತು ಹೇಳುವಾಗ ನನ್ನ ಮನಸ್ಸಾಕ್ಷಿ ಒಂದು ಚೂರೂ ಮಿಸುಕಾಡಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮುಂದಿನ ವಾರವೂ ಬೆಳಚು ಹಾಳಾಯಿತು. ಖಾನಾವಳಿಯವರು, "ಅಕ್ಕ, ಮುಂದಿನ ಸಲನೂ ಹೀಗೇ ಆದ್ರೆ ನಾವು ಬಾಡ ಊರಿನವರ ಹತ್ರ ತಕಳ್ತೇವೆ" ಎಂದು ಹೇಳಿಕಳಿಸಿದರು. ಶಾರದೆ ಜಗಳ ಮಾಡಲಿಲ್ಲ. ಹಾಳಾದದ್ದನ್ನೆಲ್ಲ ಬುಟ್ಟಿಗೆ ಸುರಿದು ತೆಂಗಿನ ಬುಡಕ್ಕೆ ಹೂತು ಬಂದು, ನೀರಲ್ಲಿ ನಿಂತು ನಿಂತು ಬಿಳಿಚಿಕೊಂಡಿದ್ದ ಪಾದಗಳನ್ನು ಒರೆಸಿಕೊಳ್ಳುತ್ತ, "ಆ ಮುಳ್ಳಿನ ಮೀಟರು ಎಲ್ಲಿಟ್ರಿ?" ಎಂದು ಮಾತ್ರ ಕೇಳಿದಳು. ಅವಳು ಬೈದಿದ್ದರೆ ಬೇರೆ. ಆ ಪ್ರಶ್ನೆಗೆ ನನಗೆ ನಿಜವಾಗಿ ನಾಚಿಕೆಯಾಯಿತು. ಅದನ್ನು ನಾನು ಗುಜರಿಗೆ ಹಾಕಿದ್ದೆ.

ಮನುಷ್ಯನಿಂದ ಆಗದ್ದು ಎಂದಾದ ಮೇಲೆ ದೇವರ ಕೋಣೆಗೆ ಹೋದೆ. ಇನ್ವರ್ಟರು ನಿಂತು ಮನೆಯೆಲ್ಲ ತಣ್ಣಗಿದ್ದ ಬೆಳಿಗ್ಗೆ ಅದು. ಕೈ ಮುಗಿದು ಕಣ್ಣು ಮುಚ್ಚಿದೆ. ಕೆನ್ನೆಗೆ ತಂಪು ಗಾಳಿ ಬಡಿಯಿತು. ದೇವರೇ ಬಂದ ಎಂದುಕೊಂಡೆ. ಕಣ್ಣು ಬಿಟ್ಟರೆ ದೇವರ ಬಲ್ಬು ಉರಿಯುತ್ತಿತ್ತು, ಅದರ ಕೆಳಗೆ ಗೋಡೆಗೆ ಒರಗಿ ಕೂತಿದ್ದ ಅಮ್ಮನ ಪಕ್ಕದಲ್ಲಿ ಒಂದು ಸಣ್ಣ ಫ್ಯಾನು ತಿರುಗುತ್ತಿತ್ತು.

"ಅಮ್ಮ, ಇದು ಹೆಂಗೆ ತಿರುಗ್ತಾ ಅದೆ?"

"ದೇವ್ರ ಲೈನು ಯಾವತ್ತೂ ಹೋಗೂದಿಲ್ಲಲ್ಲ, ಅದ್ಕೇ ಕೊಟ್ಕಂಡಿದ್ದೆ. ರಾತ್ರೆ ಪೂರ ನನ್ನ ಹಾಸಿಗೆ ಹತ್ರ ತಿರುಗ್ತದೆ. ಆ ತೊಂಬತ್ತೇಳು ಬಂದ ಮೇಲೆ ಬಂದ್ ಮಾಡೂದೇ ಬಿಟ್ಟೆ."

ನನ್ನ ತಲೆಯಲ್ಲಿ ಸೀಟಿ ಊದಿದ ಹಾಗಾಯಿತು. ಕುಮಟಾದ ಸಂತೆಯ ದಿನ ನನ್ನ ಬಸ್ಸಿನ ಲೆಕ್ಕ ಎಷ್ಟೋ ಸಲ ತಪ್ಪುತ್ತಿತ್ತು. ಬಾಗಿಲಲ್ಲಿ ನಿಂತು ನಾನು ಎಣಿಸಿದ್ದು ಐವತ್ತು, ಬಸ್ಸು ದಿಬ್ಬ ಹತ್ತುವಾಗ ಏದುಸಿರು ಬಿಡುವುದು ಅರವತ್ತು ಜನರದ್ದು. ಹಿಂದಿನ ಏಣಿಯಿಂದ ಟಾಪಿಗೆ ಹತ್ತಿದವರು ನನ್ನ ಕಣ್ಣಿಗೆ ಬಿದ್ದರೆ ತಾನೇ? ಪಾಪ ಶಂಟು, ಬಾಗಿಲಲ್ಲಿ ನಿಂತು ತನ್ನ ಮುಂದೆ ದಾಟಿದವರನ್ನು ಪ್ರಾಮಾಣಿಕವಾಗಿ ಎಣಿಸುತ್ತಿದೆ. ನಮ್ಮ ಮನೆಯವರು ದೇವರ ಏಣಿಯಿಂದ ಹತ್ತುತ್ತಿದ್ದಾರೆ.

ಮಂಜುನಾಥನನ್ನು ಕರೆಸಿದೆ. ಅವನು ಇಕ್ಕಳದಂಥ ಮೀಟರನ್ನು ದೇವರ ವಯರಿಗೆ ಕಚ್ಚಿಸಿ ನೋಡಿ, ಒಮ್ಮೆ ದೇವರಿಗೆ ಕೈ ಮುಗಿದು, "ಒಂದು ಬಲ್ಬ್ ಅಂದ್ರಿ" ಅಂದ. ನಾನು ಹಳೆಯ ಖಾಕಿ ಅಂಗಿ ಹಾಕಿದವನ ಗತ್ತಿನಲ್ಲಿ ತಪಾಸಣೆಗೆ ಇಳಿದೆ. ದೇವರ ಮಂಟಪಕ್ಕೆ ಕಟ್ಟಿದ್ದ ಸೀರೆಯಂಚಿನ ಪರದೆ ಸರಿಸಿದರೆ ಹಿಂದೆ ವಯರಿನ ದೊಡ್ಡ ಸಂಸಾರ. ಮೊದಲನೆಯದು ಅಮ್ಮನ ಫ್ಯಾನು. ಎರಡನೆಯದು ಮಗಳ ಇಂಟರ್ನೆಟ್ಟಿನ ಡಬ್ಬಿ, ಹಗಲೂ ರಾತ್ರಿ ಮಿಣುಕುತ್ತಿತ್ತು. ಮೂರನೆಯದು ಮೊಬೈಲು ಚಾರ್ಜರು, ಶಾರದೆಯದ್ದೇ. ಅವಳೂ ತಲೆ ತಗ್ಗಿಸಿದಳು. ನಾನು ಒಬ್ಬೊಬ್ಬರಿಗೂ ಎರಡೆರಡು ಬುದ್ಧಿಮಾತು ಹೇಳುತ್ತ ಮುಂದುವರಿದೆ. ಆ ಹತ್ತು ನಿಮಿಷ ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

"ಇದೊಂದು ದಪ್ಪಂದು ಉಳೀತಲ್ಲ, ಇದು ಯಾರದ್ದು?" ಎಂದ ಮಂಜುನಾಥ.

ದಪ್ಪ ವಯರು ಗೋಡೆಗುಂಟ ಹೋಗಿ, ಗಂಧದ ಡಬ್ಬಿಗಳ ಹಿಂದೆ ಬಗ್ಗಿ, ನನ್ನ ಹಳೆಯ ಕಂಡಕ್ಟರ್ ಟ್ರಂಕಿನೊಳಗೆ ನುಗ್ಗಿತ್ತು. ಶಾರದೆ ಮುಚ್ಚಳ ತೆಗೆದಳು. ಒಳಗೆ ಲಾರಿಯವರು ಚಹಾ ಕಾಸಿಕೊಳ್ಳುವ ಒಂದು ಕೆಟಲು, ಒಂದು ಲೋಟ, ಬಿಗಿಯಾಗಿ ಮುಚ್ಚಿದ ಸಕ್ಕರೆ ಡಬ್ಬಿ.

ವಿವರಣೆ ಕೊಡಲೇಬೇಕು. ಡಾಕ್ಟರು ನನಗೆ ಸಕ್ಕರೆ ಬೇಡ ಅಂದಿದ್ದಾರೆ. ಮೂವತ್ತು ವರ್ಷ ಮೊದಲ ಟ್ರಿಪ್ಪಿಗೆ ಎದ್ದ ದೇಹಕ್ಕೆ ಇನ್ನೂ ಬೇಗ ಎಚ್ಚರವಾಗುತ್ತದೆ, ಎಚ್ಚರವಾದರೆ ಚಹಾ ಬೇಕು. ದಿನಾ ಬೆಳಿಗ್ಗೆ ನಾನು ದೇವರ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವುದನ್ನು ಜಪ ಎಂದು ಅಮ್ಮ ಊರಿಗೆಲ್ಲ ಹೇಳಿದ್ದಳು. ಮುಳ್ಳಿನ ಮೀಟರಿನ ಕಾಲದಲ್ಲಿ ಹೆದರಿ ಒಂದು ಲೋಟ ಕುಡಿಯುತ್ತಿದ್ದೆ. ತೊಂಬತ್ತೇಳು ಬಂದ ಮೇಲೆ ನಾಲ್ಕಕ್ಕೇರಿತ್ತು. ಲೋಡು ಏನಾದರೂ ಇದೆಯಾ ಎಂದು ಮಂಜುನಾಥ ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಅದನ್ನು ನಾನು ಮನೆಯ ಕರೆಂಟು ಎಂದೇ ಭಾವಿಸಿರಲಿಲ್ಲ. ಅದು ದೇವರದ್ದು. ಟಾಪಿನ ಮೇಲಿಂದ ಇಳಿಸಿದ ಪ್ರತಿಯೊಬ್ಬನೂ ನನ್ನೆದುರು ಹೀಗೇ ಏನೋ ಒಂದು ಹೇಳುತ್ತಿದ್ದ. ನಾನು ಒಬ್ಬನ ಮಾತನ್ನೂ ಕೇಳಿದವನಲ್ಲ.

ಮಂಜುನಾಥ ಎಲ್ಲ ವಯರನ್ನೂ ಶಂಟಿಗೆ ಕಟ್ಟಿ, ಮೀಟರಿನ ಲೆಕ್ಕವನ್ನು ಹೊಸದಾಗಿ ಶುರು ಮಾಡಿಸಿದ. ದೇವರ ಬಲ್ಬು ಒಂದನ್ನು ಮಾತ್ರ, ಅಮ್ಮನ ಕಣ್ಣೆದುರು, ನೇರವಾಗಿ ಬಿಟ್ಟ. ಆ ಸಂಜೆ ಪರದೆಯ ಮೇಲೆ ಬಂದ ಅಂಕಿ ನಲವತ್ತಮೂರು. ಅಷ್ಟು ಕಡಿಮೆ ಅಂಕಿ ನೋಡಿ ಸಮಾಧಾನಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಶಾರದೆ ನನ್ನ ಮೊಬೈಲಿನಿಂದ ಮೀಟರಿನ ಸಂಬಂಧ ಬಿಡಿಸಿ, ಮಗಳಿಂದ ತನ್ನ ಮೊಬೈಲಿಗೆ ಹಾಕಿಸಿಕೊಂಡಳು. ಟೀವಿ ಬಂದ್ ಮಾಡಿದಳು. ಆ ವಾರದ ಬೆಳಚು ಕಲ್ಲಿನ ಹಾಗೆ ಗಟ್ಟಿಯಾಗಿ ಕುಮಟಾಕ್ಕೆ ಹೋಯಿತು, ಖಾನಾವಳಿಯವರು ಬಾಡದ ಮಾತು ಎತ್ತಲಿಲ್ಲ.

ಅದು ಹೋದ ಮರುದಿನ ಬೆಳಿಗ್ಗೆ, ಎಲ್ಲ ಸರಿಯಾಯಿತಲ್ಲ ಎಂಬ ಧೈರ್ಯದಲ್ಲಿ, ದೇವರ ಕೋಣೆಯ ಬಾಗಿಲು ಮುಚ್ಚಿ ಕೆಟಲಿನ ಗುಂಡಿ ಒತ್ತಿದೆ. ನೀರು ಇನ್ನೂ ಬೆಚ್ಚಗಾಗಿರಲಿಲ್ಲ. ಒಳಗಿನ ಕೋಣೆಯಿಂದ, ಚಾದರದ ಅಡಿಯಲ್ಲಿ ಮೊಬೈಲು ನೋಡುತ್ತಲೇ ಇರಬೇಕು, ಶಾರದೆಯ ದನಿ ಬಂತು.

"ಹದಿಮೂರು ಆಂಪಿಯರು ಯಾರು ಹತ್ತಿದ್ದು?"

ನಾನು ಕೆಟಲು ಬಂದ್ ಮಾಡಲು ಕೈ ಚಾಚಿದೆ.

"ಇಳೂದು ಬೇಡ. ಎರಡು ಲೋಟ ಮಾಡಿ. ಸಕ್ಕರೆ ಡಬ್ಬಿ ನನ್ನ ಹತ್ರ ಅದೆ, ಹುಡ್ಕೂದು ಬೇಡ."

ಅಂದಿನಿಂದ ದಿನಾ ಬೆಳಿಗ್ಗೆ ಎರಡು ಲೋಟ ಸಪ್ಪೆ ಚಹಾ ಮಾಡಿ, ಒಂದನ್ನು ಅವಳ ಕೈಗೆ ಕೊಟ್ಟ ಮೇಲೆಯೇ ಇನ್ನೊಂದನ್ನು ಕುಡಿಯುತ್ತೇನೆ. ಟಿಕೆಟು ತೆಗೆದುಕೊಂಡು ಹೋಗುವುದರಲ್ಲೂ ಒಂದು ನೆಮ್ಮದಿ ಇದೆ ಎಂದು ಟಾಪಿನಿಂದ ಇಳಿಸಿದವರಿಗೆಲ್ಲ ಆಗ ಹೇಳುತ್ತಿದ್ದೆ. ಅವರು ಯಾಕೆ ಹಾಗೆ ನನ್ನ ಮುಖ ನೋಡುತ್ತಿದ್ದರೆಂದು ಈಗ ಗೊತ್ತಾಗುತ್ತಿದೆ.